ನಮ್ಮ ಮನೆಯ ಮೇಲೆ ಒಂದು ಸುತ್ತು

ಮಗಳು ವಿಮಾನ ಹಾರಿಸಲು ಕಲಿಯುವುದಕ್ಕೆ ಹೋದ ಮೇಲೆ ನಾನು ಗಾಳಿಯ ಕಡೆ ಲಕ್ಷ್ಯ ಕೊಡತೊಡಗಿದೆ. ಅಲ್ಲಿಯವರೆಗೆ ಗಾಳಿ ಎಂದರೆ ನನಗೆ ಒಣಹಾಕಿದ ಬಟ್ಟೆ ಹಾರಿಹೋಗುವ ತಾಪತ್ರಯ, ಅಷ್ಟೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಗಾಳಿಗೆ ತೂಕವಿದೆ, ಒತ್ತಡವಿದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒರೆಸಿದ್ದೇನೆ. ಆ ಗಾಳಿಯ ಮೇಲೆ ನನ್ನದೇ ಮನೆಯ ಒಂದು ಜೀವ ಕೂತಿರುತ್ತದೆ ಎಂದು ಬರೆಯುವಾಗ ಅನ್ನಿಸಿರಲಿಲ್ಲ.

ಅವಳ ತರಬೇತಿ ಶಾಲೆ ಪಕ್ಕದ ಜಿಲ್ಲೆಯಲ್ಲಿತ್ತು. ಪುಸ್ತಕಗಳೆಲ್ಲ ಇಂಗ್ಲಿಷಿನವು, ಅವಳು ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡದಲ್ಲಿ. ರಜೆಗೆ ನಮ್ಮೂರು ಸಗರಕ್ಕೆ ಬಂದಾಗ ಪುಸ್ತಕ ಬಿಚ್ಚಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದಳು. ನಾನು ಪ್ರಶ್ನೆ ಕೇಳುವವಳು. ಬಾಯಿಪಾಠ ಒಪ್ಪಿಸಿದರೆ ನನಗೆ ಆಗುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಒಂದೊಂದು ಶಬ್ದವನ್ನೂ ನಮ್ಮ ಮಾತಿಗೆ ಇಳಿಸಿದ ಮೇಲೆಯೇ ಮುಂದಿನ ಪುಟ.

ಏರ್‌ಸ್ಪೀಡ್ ಬೇರೆ, ಗ್ರೌಂಡ್ ಸ್ಪೀಡ್ ಬೇರೆ ಎಂಬುದೇ ಅವಳಿಗೆ ಮೊದಮೊದಲು ಹಿಡಿಯಲಿಲ್ಲ. ಎದುರುಗಾಳಿಯಲ್ಲಿ ಶಹಾಪುರದಿಂದ ಸಗರಕ್ಕೆ ಸೈಕಲ್ ತುಳಿದದ್ದು ನೆನಪು ಮಾಡಿಕೋ ಎಂದೆ. ಮುಖಕ್ಕೆ ಬಡಿಯುವ ಗಾಳಿ ಜೋರು, ಹಿಂದೆ ಸರಿಯುವ ದಾರಿ ಕಡಿಮೆ. ಮುಖಕ್ಕೆ ಬಡಿಯುವುದು ಏರ್‌ಸ್ಪೀಡ್, ದಾರಿ ಸರಿಯುವುದು ಗ್ರೌಂಡ್ ಸ್ಪೀಡ್. ವಿಮಾನವನ್ನು ಎತ್ತಿ ಹಿಡಿಯುವುದು ಮೊದಲನೆಯದು ಮಾತ್ರ. ವೇಗ ತೋರಿಸುವ ಮುಳ್ಳಿಗೆ ಗಾಳಿ ಗೊತ್ತು, ನೆಲ ಗೊತ್ತಿಲ್ಲ. ಆ ಮುಳ್ಳು ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ರೆಕ್ಕೆ ಗಾಳಿಯ ಹಿಡಿತ ಬಿಟ್ಟುಬಿಡುತ್ತದೆ. ಅದಕ್ಕೆ ಸ್ಟಾಲ್ ಎನ್ನುತ್ತಾರೆ. ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೂ ಸ್ಟಾಲ್ ಆಗುತ್ತದೆ, ವಾಲಿ ತಿರುಗುವಾಗ ಇನ್ನೂ ಬೇಗ ಆಗುತ್ತದೆ. ಬಿಸಿಲು ಕಾಯ್ದ ದಿನ ಗಾಳಿ ತೆಳ್ಳಗಾಗುವುದರಿಂದ ಎಂಜಿನ್ನಿಗೂ ಪೂರ್ತಿ ಶಕ್ತಿ ಬರುವುದಿಲ್ಲ. ಸ್ಟಾಲ್ ಆದರೆ ಮೊದಲು ವಿಮಾನದ ಮೂಗು ಕೆಳಗೆ, ಆಮೇಲೆ ಎಂಜಿನ್ನಿಗೆ ಪೂರ್ತಿ ಪವರ್. ಇದನ್ನು ನಾನು ಊಟ ಬಡಿಸುವಾಗ ಕೇಳಿದೆ, ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದೆ, ಅವಳು ಬಸ್ಸು ಹತ್ತುವಾಗ ಕೇಳಿದೆ.

ಇನ್ನೊಂದು ಸಾಲು ಪುಸ್ತಕದಲ್ಲಿತ್ತು. ನೆಲದ ಮೇಲಿನ ಒಂದು ಗುರುತು ಹಿಡಿದು ಸುತ್ತು ಹಾಕುವಾಗ ಗಾಳಿ ಬೆನ್ನಿಗೆ ಬಂದರೆ ಕೆಳಗಿನ ನೆಲ ಸರಸರ ಓಡಿದ ಹಾಗೆ ಕಾಣುತ್ತದೆ. ಬಹಳ ವೇಗವಾಯಿತು ಎಂದು ಕಣ್ಣು ಹೇಳುತ್ತದೆ, ಕೈ ಪವರ್ ಇಳಿಸುತ್ತದೆ. ನಿಜಕ್ಕೂ ಏರ್‌ಸ್ಪೀಡ್ ಅಷ್ಟೇ ಇರುತ್ತದೆ, ಇಳಿಸಿದರೆ ಸ್ಟಾಲ್. ನೆಲ ನೋಡಿ ವೇಗ ಅಳೆಯಬಾರದು ಎಂದು ಅವಳಿಂದ ಹೇಳಿಸಿ ಹೇಳಿಸಿ ಸಾಕಾಗಿತ್ತು.

ಈಗ ನಮ್ಮ ಅತ್ತೆಯ ಮಾತಿಗೆ ಬರಬೇಕು. ಅತ್ತೆ ಇಡೀ ಬದುಕು ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವರು. ಅವರ ಕಾಲದಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಹೊಲದವರು ಬಾಗಿಲ ಮುಂದೆ ನಿಂತೇ ಕೂಲಿಗೆ ಕರೆದು ಹೋಗುತ್ತಿದ್ದರು. ಕೂರುತ್ತಿರಲಿಲ್ಲ, ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆ ಉರಿ ಅತ್ತೆಯಲ್ಲಿ ಹಟವಾಗಿ ಉಳಿದುಕೊಂಡಿತ್ತು. ಈಗ ನಮ್ಮ ಬಾಗಿಲ ಮುಂದೆ ಹಾಯುವವರು ಯಾರೇ ಆಗಲಿ, ಕರೆಂಟ್ ಬಿಲ್ಲಿನವರೇ ಇರಲಿ, ದಾರಿ ತಪ್ಪಿದವರೇ ಇರಲಿ, ಒಳಗೆ ಬಂದು ಕೂತು ಚಹಾ ಕುಡಿದೇ ಹೋಗಬೇಕು. ಒಬ್ಬ ನೆಂಟ ಅವಸರದಲ್ಲಿ ಮೋಟಾರ್ ಸೈಕಲ್ ನಿಲ್ಲಿಸದೆ ಮನೆ ಮುಂದಿನಿಂದ ಹೋದನೆಂದು ಅವನ ಮಗನ ಮದುವೆಗೇ ಅತ್ತೆ ಹೋಗಲಿಲ್ಲ. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಆ ಬೇಸಿಗೆಯಲ್ಲಿ ಮಗಳಿಗೆ ಒಬ್ಬಳೇ ದೂರ ಹಾರುವ ಸರದಿ ಬಂತು. ಪಕ್ಕದಲ್ಲಿ ಕಲಿಸುವ ಸರ್ ಇಲ್ಲ, ಎರಡು ಸೀಟಿನ ಸಣ್ಣ ವಿಮಾನ. ಅಲ್ಲಿಂದ ಹೊರಟು ಯಾದಗಿರಿ, ಯಾದಗಿರಿಯಿಂದ ಶಹಾಪುರದ ಗುಡ್ಡ, ಅಲ್ಲಿಂದ ಸುರಪುರ, ಸುರಪುರದಿಂದ ಸೀದಾ ವಾಪಸ್. ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಎಳೆದ ಗೆರೆ ಸಗರದ ಅಂಚು ಸವರಿಕೊಂಡು ಹೋಗಿತ್ತು. ಅದನ್ನು ಅವಳು ಅಜ್ಜಿಗೆ ಹಿಗ್ಗಿನಿಂದ ತೋರಿಸಿದಳು. ಅತ್ತೆ ಆಗಷ್ಟೇ ಯಾದಗಿರಿಯ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಎದ್ದು ಬಂದಿದ್ದರು. ಎದೆಯ ತ್ರಾಸು, ಗಾಬರಿಯಾಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಗಳು ಆ ಹತ್ತು ದಿನ ಫೋನಿನಲ್ಲೇ ಅತ್ತಿದ್ದಳು.

ಅತ್ತೆ ನಕ್ಷೆ ನೋಡಲಿಲ್ಲ, ಮೊಮ್ಮಗಳ ಮುಖ ನೋಡಿದರು.

“ಮನಿ ಮ್ಯಾಲಿಂದ ಹಂಗ ಹಾದು ಹೋಗ್ತೀಯಾ? ಮಂದಿ ಮಾಡಿದ್ದ ನೀನೂ ಮಾಡ್ತಿ ಅಂದಂಗಾಯ್ತು.”

ವಿಮಾನವನ್ನು ಎಲ್ಲೆಂದರಲ್ಲಿ ನಿಲ್ಲಿಸಲು ಬರುವುದಿಲ್ಲ ಎಂದು ಮಗಳು ನಗುತ್ತ ತಿಳಿಸಿ ಹೇಳಿದಳು. ನಿಲ್ಲಿಸಬೇಡ, ಒಂದು ಸುತ್ತು ಹಾಕಿ ಹೋಗು, ಬಂದು ಹೋದ ಹಾಗಾಗುತ್ತದೆ ಎಂದರು ಅತ್ತೆ. ಮಗಳು ನನ್ನ ಕಡೆ ನೋಡಿದಳು. ಶಾಲೆಯವರು ಕೊಟ್ಟ ದಾರಿ ಬಿಡುವುದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಬೆಳಗಿನ ತಂಪಿನಲ್ಲಿ, ಗಾಳಿ ಏಳುವ ಮೊದಲು, ಎತ್ತರ ಬಿಡದೆ ಒಂದು ಸುತ್ತು ಹಾಕಿದರೆ ಏನಾದೀತು ಎಂದು ನಾನು ಲೆಕ್ಕ ಹಾಕಿದೆ. ಹಾಕು ಎಂದೆ. ಮೇಲಿನಿಂದ ಎಲ್ಲ ಮಾಳಿಗೆಗಳೂ ಒಂದೇ ಥರ ಕಾಣುತ್ತವಲ್ಲ, ನಮ್ಮನೆ ಹೇಗೆ ಗುರುತು ಹಿಡಿಯುತ್ತಿ ಎಂದು ಅತ್ತೆಗೆ ಇನ್ನೊಂದು ಚಿಂತೆ. ಅಜ್ಜಿಗೆ ಅರಿವೆ ಚಿಂತೆ ಎನ್ನುವುದು ಸುಳ್ಳಲ್ಲ. ತಮ್ಮ ಮದುವೆಯ ಕೆಂಪು ಸೀರೆ ಮಾಳಿಗೆ ಮೇಲೆ ಹಾಸುತ್ತೇನೆ, ಪಕ್ಕದಲ್ಲಿ ನಾನೇ ಕೂತಿರುತ್ತೇನೆ, ಸೀರೆ ನೋಡಿ ಬಾ ಎಂದರು.

ಆ ದಿನ ನಸುಕಿನಲ್ಲೇ ಮಗಳು ಹವಾಮಾನದ ಸಾಲನ್ನು ಫೋನಿಗೆ ಕಳಿಸಿದಳು. ಬರೀ ಅಕ್ಷರ, ಅಂಕಿ. ಇಷ್ಟರಲ್ಲಿ ಅದನ್ನು ಓದಲು ನನಗೆ ಬರುತ್ತಿತ್ತು. ಗಾಳಿ ನಿಧಾನ, ನೋಟ ಸ್ವಚ್ಛ, ಮೋಡವಿಲ್ಲ. ನಾನು ನಿಶ್ಚಿಂತೆಯಿಂದ ಚಹಾಕ್ಕಿಟ್ಟೆ. ನನ್ನ ಶಾಲೆಗೆ ಬೇಸಿಗೆ ರಜೆ ಇತ್ತು, ಹೋಗುವ ಅವಸರವೂ ಇರಲಿಲ್ಲ. ಆಮೇಲೆ ಅವಳ ಇನ್ನೊಂದು ಮಾತು ಬಂತು: ಹೊರಡುವ ಮುಂಚಿನ ಪರೀಕ್ಷೆಯಲ್ಲಿ ಎಂಜಿನ್ನಿನ ಸುತ್ತುವ ವೇಗ, ಅಂದರೆ ಆರ್‌ಪಿಎಂ ಇಳಿಯಬೇಕಾದ್ದಕ್ಕಿಂತ ಹೆಚ್ಚು ಇಳಿಯಿತು, ಪ್ಲಗ್ ಬದಲಿಸುತ್ತಿದ್ದಾರೆ, ತಡವಾಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ, ಸರಿಯಾಯಿತು, ಹೊರಟೆ, ಫೋನ್ ಬಂದ್ ಮಾಡುತ್ತಿದ್ದೇನೆ ಎಂದು ಬಂತು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಳದ ಬೇವಿನ ಮರ ಅಲುಗಾಡತೊಡಗಿತ್ತು.

ಮಾಳಿಗೆ ಮೇಲೆ ಓಣಿಗೆ ಓಣಿಯೇ ಕೂಡಿತ್ತು. ಹೆಂಗಸರು ಸೆರಗು ತಲೆಗೆ ಹೊದ್ದು ಕೂತಿದ್ದರು, ಮಕ್ಕಳು ಆಕಾಶಕ್ಕೆ ಕೈ ಮಾಡಿ ಹದ್ದು ಕಂಡರೂ ಬಂತು ಬಂತು ಎನ್ನುತ್ತಿದ್ದರು. ನಡುವೆ ಕೆಂಪು ಸೀರೆ, ನಾಲ್ಕು ಮೂಲೆಗೆ ಕಲ್ಲು, ಪಕ್ಕದಲ್ಲಿ ಚಾಪೆ ಮೇಲೆ ಅತ್ತೆ. ಹಬ್ಬದ ದಿನದ ಮುಖ.

ನನ್ನ ಗಂಡ ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕೆಲಸ ಬಿಟ್ಟು ಹೊರಗೆ ನಿಂತಿದ್ದನಂತೆ, ಫೋನ್ ಮಾಡಿದ. ಈಗ ದಾಟಿದಳು, ಬಹಳ ಮೇಲಿದ್ದಾಳೆ, ಗುಬ್ಬಿಯಷ್ಟು ಕಂಡಳು ಎಂದ. ಯಾದಗಿರಿಯಿಂದ ನಮ್ಮ ಕಡೆ ಬರಲು ಅವಳಿಗೆ ಕಾಲು ತಾಸು ಬೇಕು ಎಂದು ನಾನೂ ಮಗಳೂ ಮೊದಲೇ ಲೆಕ್ಕ ಮಾಡಿಟ್ಟಿದ್ದೆವು. ಕಾಲು ತಾಸು ಆಯಿತು. ಅವಳು ಬರಲಿಲ್ಲ. ಇನ್ನೂ ಐದು ನಿಮಿಷ. ಬರಲಿಲ್ಲ.

ಓಣಿಯವರಿಗೆ ಅದೇನೂ ಅಲ್ಲ, ಬಸ್ಸು ತಡವಾಗುವ ಹಾಗೆ ವಿಮಾನವೂ ತಡ. ನಾನು ಮಾತ್ರ ಲೆಕ್ಕ ಹಾಕತೊಡಗಿದೆ. ಅವಳು ಪಶ್ಚಿಮಕ್ಕೆ ಮುಖ ಮಾಡಿ ಬರುತ್ತಿದ್ದಾಳೆ. ಇಷ್ಟು ತಡವಾಗುತ್ತಿದೆ ಎಂದರೆ ಗ್ರೌಂಡ್ ಸ್ಪೀಡ್ ಬಿದ್ದಿದೆ. ಗ್ರೌಂಡ್ ಸ್ಪೀಡ್ ಬಿದ್ದಿದೆ ಎಂದರೆ ಮೇಲೆ ಎದುರುಗಾಳಿ ಇಲ್ಲಿಗಿಂತ ಜೋರಿದೆ. ಇಲ್ಲಿಯೇ ಸೀರೆಯ ಅಂಚು ಕಲ್ಲು ಎಳೆದುಕೊಂಡು ಎದ್ದೆದ್ದು ಬೀಳುತ್ತಿತ್ತು. ಗಾಳಿ ಒಂದೇ ಸಮ ಇರಲಿಲ್ಲ, ಬಿಟ್ಟು ಬಿಟ್ಟು ಒದೆಯುತ್ತಿತ್ತು. ಇಂಥ ಗಾಳಿಯಲ್ಲಿ, ಇಂಥ ಬಿಸಿಲಲ್ಲಿ, ನೆಲದ ಮೇಲಿನ ಒಂದು ಸೀರೆ ನೋಡುತ್ತ ಅವಳು ಸುತ್ತು ಹಾಕುತ್ತಾಳೆ. ಪುಸ್ತಕದ ಆ ಸಾಲು ನನ್ನ ಕಣ್ಣ ಮುಂದೆ ಬಂತು. ತಿಳಿಯದವರಿಗೆ ಇರುವ ಸುಖ ತಿಳಿದವರಿಗಿಲ್ಲ.

ಮೇಲಿರುವವಳಿಗೆ ಹೇಳುವ ದಾರಿ ಇರಲಿಲ್ಲ. ಫೋನ್ ಬಂದ್. ಆಗ ನನಗೆ ಒಂದೇ ಉಪಾಯ ಹೊಳೆಯಿತು. ಸೀರೆ ಇಲ್ಲದಿದ್ದರೆ ಮನೆ ಸಿಗುವುದಿಲ್ಲ, ಮನೆ ಸಿಗದಿದ್ದರೆ ಸುತ್ತು ಹಾಕುವುದಿಲ್ಲ, ಸೀದಾ ಸುರಪುರಕ್ಕೆ ಹೋಗಿಬಿಡುತ್ತಾಳೆ. ನಾನು ಕಲ್ಲು ಎತ್ತಿ ಸೀರೆ ಬಾಚಿ ಕಂಕುಳಲ್ಲಿ ಇಟ್ಟುಕೊಂಡೆ. ಎಲ್ಲರೂ ಕೆಳಗಿಳಿಯಿರಿ ಎಂದು ತರಗತಿಯಲ್ಲಿ ಗದರುವ ಹಾಗೆ ಗದರಿದೆ. ಯಾಕೆ ಎಂದು ಕೇಳಿದವರಿಗೆ ವಿವರಿಸುವ ವ್ಯವಧಾನ ಇರಲಿಲ್ಲ. ಟೀಚರಮ್ಮನಿಗೆ ಬಿಸಿಲು ತಲೆಗೇರಿದೆ ಎಂದು ಯಾರೋ ಅಂದರು. ಆದರೂ ಇಳಿದರು.

ಅತ್ತೆ ಇಳಿಯಲಿಲ್ಲ. ಗಾಳಿ ಕೆಟ್ಟಿದೆ, ಅವಳು ಸುತ್ತು ಹಾಕಬಾರದು, ಬನ್ನಿ ಎಂದು ರಟ್ಟೆ ಹಿಡಿದೆ. ಅವರು ಸೀರೆ ನೋಡಿದರು, ನನ್ನನ್ನು ನೋಡಿದರು.

“ನನ್ನ ಮನಿ ಗುರ್ತ ಅಳಸಾಕತ್ತಿ ನೀ.”

ಇಡೀ ಓಣಿ ಕೇಳುವ ಹಾಗೆ ಹೇಳಿದರು. ನಾನು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮೆಟ್ಟಿಲು ಇಳಿಸಿ ಪಡಸಾಲೆಯಲ್ಲಿ ಕೂರಿಸಿದೆ. ಮಿಕ್ಕವರು ಅಂಗಳದಲ್ಲಿ ಬೇವಿನ ಮರದ ಕೆಳಗೆ ಗುಂಪಾಗಿ ನಿಂತರು. ಆಗಲೇ ಸದ್ದು ಕೇಳಿಸಿತು.

ಶಹಾಪುರದ ಗುಡ್ಡದ ಕಡೆಯಿಂದ ಬಂದಳು. ಬಿಳಿಯ ಸಣ್ಣ ವಿಮಾನ, ಎದುರುಗಾಳಿಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತಿತ್ತು. ಹೋಗು, ಹಾಗೇ ಹೋಗು ಎಂದು ಅಂಗಳದಲ್ಲಿ ನಿಂತು ಬಾಯಲ್ಲೇ ಅಂದುಕೊಂಡೆ. ಊರಿನ ಮೇಲೆ ಬಂದಳು, ದಾಟಿದಳು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ರೆಕ್ಕೆ ವಾಲಿತು. ತಿರುಗಿದಳು. ಊರನ್ನು ಬಳಸಿ ಒಂದು ದೊಡ್ಡ ಸುತ್ತು ಹಾಕಿದಳು. ಮುಗಿಯಿತು ಎಂದುಕೊಂಡರೆ ಮತ್ತೆ ತಿರುಗಿದಳು. ಈ ಸಲ ಕೆಳಗೆ, ಸುತ್ತು ಸಣ್ಣದು.

ಹುಡುಕುತ್ತಿದ್ದಾಳೆ ಎಂದು ಆಗ ಗೊತ್ತಾಯಿತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಸೀರೆ ಇದ್ದಿದ್ದರೆ ಎತ್ತರದಲ್ಲೇ ಒಂದು ಸುತ್ತು ಹಾಕಿ ಹೋಗುತ್ತಿದ್ದಳು. ಈಗ ಕಾಣಲಿಲ್ಲವೆಂದು ಕೆಳಗೆ ಕೆಳಗೆ ಬರುತ್ತಿದ್ದಾಳೆ.

ಸೀರೆ ಹಿಡಿದು ಮೆಟ್ಟಿಲು ಹತ್ತಿ ಓಡಿದೆ. ಬಿಚ್ಚಿದ ಕೂಡಲೇ ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳಲು ನೋಡಿತು. ಒಂದು ಮೂಲೆಗೆ ಕಲ್ಲಿಟ್ಟರೆ ಇನ್ನೊಂದು ಮೂಲೆ ಮುಖಕ್ಕೆ ಬಡಿಯುತ್ತಿತ್ತು. ಹಿಂದೆ ಉಸಿರಿನ ಸದ್ದು ಕೇಳಿ ತಿರುಗಿದೆ. ಅತ್ತೆ. ಎದೆ ಹಿಡಿದುಕೊಂಡು ಹತ್ತಿ ಬಂದಿದ್ದರು. ಸೀರೆಯ ಒಂದು ತುದಿಯ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಇನ್ನೊಂದು ತುದಿಯ ಮೇಲೆ ನಾನು ಮೊಣಕಾಲೂರಿದೆ. ಕೆಂಪು ಬಣ್ಣ ಮಾಳಿಗೆ ತುಂಬ ಹರಡಿತು.

ಆಗ ಅವಳು ಪಶ್ಚಿಮದ ಅಂಚಿನಲ್ಲಿ ತಿರುಗಿ ಗಾಳಿಗೆ ಬೆನ್ನು ಕೊಟ್ಟು ನಮ್ಮ ಕಡೆ ಬರುತ್ತಿದ್ದಳು. ನಿಂತ ಹಾಗಿದ್ದ ವಿಮಾನ ಎಸೆದ ಹಾಗೆ ಬಂತು. ಎಷ್ಟು ಕೆಳಗೆ ಎಂದರೆ ಬಾಗಿಲಿನ ಮೇಲೆ ಬರೆದ ಅಕ್ಷರಗಳು ಕಾಣುತ್ತಿದ್ದವು. ವಾಲಿದ ರೆಕ್ಕೆ ನಮ್ಮ ಕಡೆಗಿತ್ತು. ಆಮೇಲೆ ಎಂಜಿನ್ನಿನ ಸದ್ದು ಇಳಿಯಿತು.

ಆ ಸದ್ದು ಇಳಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಓಣಿಯವರಿಗೆ ಅದು ಸುಮ್ಮನೆ ಮೆತ್ತಗಾದ ಸದ್ದು. ನನಗೆ ಅವಳ ಕೈ ಕಂಡಿತು, ಥ್ರಾಟಲ್ ಹಿಂದಕ್ಕೆ ಎಳೆದು ಪವರ್ ಇಳಿಸುತ್ತಿರುವ ಕೈ. ನೆಲ ನೋಡಬೇಡ, ಮುಳ್ಳು ನೋಡು ಎಂದು ನಾನು ಕಿರುಚಿದೆ. ಯಾರಿಗೆ ಕೇಳಬೇಕು? ವಿಮಾನ ಒಂದು ಸಲ ನಡುಗಿದ ಹಾಗಾಯಿತು. ನಮ್ಮ ಕಡೆ ವಾಲಿದ್ದ ರೆಕ್ಕೆ ಕುಸಿಯಿತು, ಮೂಗು ಸೀದಾ ಕೆಳಗೆ ತಿರುಗಿತು. ಊರಾಚೆಯ ತೊಗರಿ ಹೊಲದ ಕಡೆ, ಮನೆಗಳ ಸಾಲಿನ ಹಿಂದೆ ಇಳಿದುಹೋಯಿತು. ಮಾಳಿಗೆಯಿಂದ ನನಗೆ ಆಕಾಶ ಮಾತ್ರ ಕಂಡಿತು. ಅತ್ತೆ ನನ್ನ ಕೈ ಹಿಡಿದರು, ಬಳೆ ಒಡೆಯುವಷ್ಟು ಗಟ್ಟಿಯಾಗಿ. ನಾನು ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ. ದೇವರನ್ನು ನೆನೆಯುವವಳಲ್ಲ ನಾನು. ಮೂಗು ಕೆಳಗೆ, ಆಮೇಲೆ ಪವರ್, ಮೂಗು ಕೆಳಗೆ, ಆಮೇಲೆ ಪವರ್ ಎಂದು ಬಾಯಿ ತಾನಾಗಿ ಹೇಳುತ್ತಿತ್ತು.

ಆಮೇಲೆ ಎಂಜಿನ್ ಗುಡುಗಿತು. ಪೂರ್ತಿ ಪವರ್‌ನ ಸದ್ದು. ಮರಗಳ ಹಿಂದಿನಿಂದ ವಿಮಾನ ಮೇಲೆದ್ದಿತು, ರೆಕ್ಕೆ ಸಮನಾಗಿತ್ತು. ತೆವಳಿದ ಹಾಗೆ ನಿಧಾನಕ್ಕೆ ಏರಿತು, ಆ ಬಿಸಿಲಿಗೆ ಎಂಜಿನ್ನಿನಿಂದ ಅಷ್ಟೇ ಆಗುತ್ತಿತ್ತು. ಅಗಲವಾಗಿ ತಿರುಗಿ ಸುರಪುರದ ಕಡೆ ಮುಖ ಮಾಡಿ, ಚುಕ್ಕೆಯಾಗಿ ಹೋಯಿತು.

ಅಂಗಳದಲ್ಲಿ ಚಪ್ಪಾಳೆ ಬಿತ್ತು. ನಮಗೆಂದೇ ಕಸರತ್ತು ಮಾಡಿ ತೋರಿಸಿದಳು ಎಂದುಕೊಂಡಿದ್ದರು. ಮಕ್ಕಳು ಕೈ ಅಗಲಿಸಿ ಒಬ್ಬರ ಮೇಲೊಬ್ಬರು ವಾಲಿ ಬೀಳುವ ಆಟ ಶುರು ಮಾಡಿದರು. ನಾನು ಮಾಳಿಗೆ ಮೇಲೆ ಕೂತು ವಾಂತಿ ಮಾಡಿಕೊಂಡೆ.

ಅವಳಿನ್ನೂ ಸುರಪುರ ದಾಟಿ ವಾಪಸ್ ಮುಟ್ಟಬೇಕಿತ್ತು. ಓಣಿಯವರು ಒಬ್ಬೊಬ್ಬರಾಗಿ ಹೋದರು. ಚಹಾ ಕುಡಿದು ಹೋಗಿ ಎಂದು ಅತ್ತೆ ಯಾರಿಗೂ ಅನ್ನಲಿಲ್ಲ, ಅದೇ ಮೊದಲು. ಗಂಡನಿಗೆ ಫೋನ್ ಮಾಡಿ, ನೋಡಿದೆವು, ಹೋದಳು ಎಂದಷ್ಟೇ ಹೇಳಿದೆ. ಅತ್ತೆಗೆ ಮಾತ್ರೆ ಕೊಟ್ಟೆ, ನುಂಗಿದರು. ಪಡಸಾಲೆಯ ಕಂಬಕ್ಕೆ ಒರಗಿ ಇಬ್ಬರೂ ನಡುವೆ ಇಟ್ಟ ಫೋನ್ ನೋಡುತ್ತ ಕೂತೆವು. ಸುತ್ತು ಹಾಕು ಎಂದವರ ಮೇಲೆ ನನಗೆ ಸಿಟ್ಟಿತ್ತು, ಸೀರೆ ತೆಗೆದವಳ ಮೇಲೆ ಅದಕ್ಕಿಂತ ಹೆಚ್ಚು.

ಫೋನ್ ಬಂತು. ಇಳಿದಿದ್ದಾಳೆ ಎಂದು ಗೊತ್ತಾಗಲು ಅವಳ ಉಸಿರೇ ಸಾಕಾಯಿತು. ಬೈಯಲು ಇಷ್ಟೊತ್ತು ಮಾತು ಕೂಡಿಸಿಟ್ಟುಕೊಂಡಿದ್ದೆ. ಅವಳೇ ಮೊದಲು ಮಾತಾಡಿದಳು.

“ಅವ್ವಾ, ಅಜ್ಜಿ ಹ್ಯಾಂಗ ಅದಾಳ?”

ಚೆನ್ನಾಗಿದ್ದಾರೆ, ಇಲ್ಲೇ ಕೂತಿದ್ದಾರೆ, ಯಾಕೆ ಎಂದೆ. ಆ ಕಡೆ ಅಳುತ್ತಿದ್ದಳು.

“ಅಂಗಳದ ಬ್ಯಾವಿನ ಗಿಡ ನೋಡಿ ಮನಿ ಗುರ್ತ ಹಿಡದೆ, ಮಾಳಿಗಿ ಖಾಲಿ ಇತ್ತು. ಸೀರಿ ಇಲ್ಲ, ಅಜ್ಜಿ ಇಲ್ಲ. ಅಂಗಳದಾಗ ನೋಡಿದ್ರ ಮಂದಿ ಕೂಡಿ ನಿಂತಾರ. ಅಜ್ಜಿ ಹೋಗ್ಯಾಳ ಅಂತ ತಿಳಕೊಂಡೆ ಅವ್ವಾ. ಹೌದೋ ಅಲ್ಲೋ ನೋಡಬೇಕಂತ ಕೆಳಗ ಬಂದೆ. ಕಡೀಗೆ ಸೀರಿ ಕಂಡ್ತು, ಅಜ್ಜಿನ್ನ ಹುಡುಕೋದ್ರಾಗ ಮುಳ್ಳು ನೋಡೋದು ಮರತೆ.”

ಆ ಮಂದಿಯನ್ನು ಅಂಗಳಕ್ಕೆ ಇಳಿಸಿದ್ದು ನಾನು. ಸಾವಿನ ಮನೆಯ ಮುಂದೆ ನಮ್ಮ ಕಡೆ ಜನ ನಿಲ್ಲುವುದೂ ಹಾಗೆಯೇ, ಮರದ ಕೆಳಗೆ, ಗುಂಪಾಗಿ. ನಡೆದದ್ದನ್ನೆಲ್ಲ ಕಲಿಸುವ ಸರ್ ಮುಂದೆ ಹೇಳಿಬಿಟ್ಟಿದ್ದೇನೆ ಎಂದಳು. ಕೆಲವು ವಾರ ಒಬ್ಬಳೇ ಹಾರುವಂತಿಲ್ಲವಂತೆ, ಆಮೇಲೆ ಇದೇ ದಾರಿಯಲ್ಲಿ ಮತ್ತೊಮ್ಮೆ ಹಾರಿ ತೋರಿಸಬೇಕಂತೆ.

ಅತ್ತೆ ಕೈ ಚಾಚಿದರು. ಫೋನ್ ಕೊಟ್ಟೆ. ಅವರು ಅದನ್ನು ಕಿವಿಗಿಟ್ಟುಕೊಂಡು ಮೊಮ್ಮಗಳ ಅಳು ನಿಲ್ಲುವವರೆಗೆ ಕೇಳಿದರು.

“ನಾ ಚೆಂದ ಅದೀನವ್ವ. ಇನ್ನ ನಮ್ಮ ಮನಿ ಮ್ಯಾಲ ಬಂದ್ರ ನೋಡಬ್ಯಾಡ. ನಾ ಸತ್ತೀನಂತ ಅನಿಸಿದ್ರೂ ನಿಂದ್ರಬ್ಯಾಡ. ಮಂದಿ ಒಳಗ ಬರಲಾರ್ದ ನಮ್ಮ ಬಾಗಲಾ ದಾಟಿ ಹೋಗ್ತಿದ್ರಲ್ಲ, ಹಂಗ ಹೋಗಿಬಿಡು.”

ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು, ಸಂಜೆಯವರೆಗೆ ಏಳಲಿಲ್ಲ.